ನನ್ನ ನಾಲ್ಕು ಕೊಲೆಗಳನ್ನು ಜುಂಜೇಶನ ಹೆಸರಿಗೆ ಬರೆದವರಿಗೆ

ಎಡಗಿವಿ ಯಾವುದು, ಬಲಗಿವಿ ಯಾವುದು ಎಂದು ತಿಳಿಯದ ಮಾನ್ಯ ಇನ್‌ಸ್ಪೆಕ್ಟರ್ ಸಾಹೇಬರೇ,

ಮತ್ತೋಡು-ಶ್ರೀರಾಂಪುರ ದಾರಿಯ ನಾಲ್ಕು ಕೊಲೆಗಳನ್ನು ಮಾಡಿದವನು ನಾನು. ನೀವು ಹಿಡಿದಿರುವುದು ನನ್ನ ಪಕ್ಕದ ಮನೆಯ ಜುಂಜೇಶನನ್ನು. ಕುರಿ ಕಡಿಯುವಾಗ ಬೇವಿನ ಮರದ ಹಿಂದೆ ಹೋಗಿ ಕಣ್ಣು ಮುಚ್ಚಿ ನಿಲ್ಲುವ ಆಸಾಮಿ ಅವನು. ಎರಡು ವರ್ಷದ ನನ್ನ ದುಡಿಮೆಯನ್ನು ಇನ್ನೊಬ್ಬನ ಹೆಸರಿಗೆ ವರ್ಗಾಯಿಸಲು ಇದೇನು ಪಹಣಿಯೇ?

ನಾಲ್ವರೂ ದಾರಿಯಲ್ಲಿ ಒಂಟಿಯಾಗಿ ಸಿಕ್ಕವರು. ಕುಡಿಯಲು ನೀರು ಕೊಟ್ಟೆ, ಊರು ಯಾವುದೆಂದು ವಿಚಾರಿಸಿದೆ, ಆಮೇಲೆ ಕತ್ತು ಹಿಸುಕಿದೆ. ಯಾರ ಕೆಲಸವೆಂದು ಗೊಂದಲವಾಗದಿರಲಿ ಎಂದು ಎಡಗಿವಿಗೆ ಎರಡು ಸೀಳು ಹಾಕಿದೆ. ಕುರಿ ಸಾಕುವ ನಮ್ಮಲ್ಲಿ ಪ್ರತಿ ಮನೆಯವರೂ ಮರಿಗಳ ಕಿವಿಗೆ ತಮ್ಮದೇ ಗುರುತು ಹಾಕುತ್ತಾರೆ. ಎಡಕ್ಕೆ ಎರಡು ಸೀಳು ನಮ್ಮ ಮನೆಯದು, ಬಲಕ್ಕೆ ಎರಡು ಜುಂಜೇಶನ ಮನೆಯದು. ಹೀಗೆ ರುಜು ಹಾಕಿ ಕೊಡುವ ಕೊಲೆಗಾರರು ನಿಮ್ಮ ಸರ್ವೀಸಿನಲ್ಲಿ ಎಷ್ಟು ಜನ ಸಿಕ್ಕಿದ್ದಾರೆ?

ನಿಮ್ಮ ಪೇದೆ ಕಿರಣ್‌ಕುಮಾರ್ ಮಾಡಿದ್ದೇನು? ಪ್ರತಿ ಹೆಣದ ಪಕ್ಕ ಕೂತು ಸೆಲ್ಫಿ ತೆಗೆದುಕೊಂಡರು. ಅವರ ಮೊಬೈಲಿನ ಸೆಲ್ಫಿಯಲ್ಲಿ, ಕನ್ನಡಿಯಲ್ಲಿ ಕಂಡಂತೆ, ಎಡಗಿವಿ ಬಲಗಿವಿಯಾಗಿ ಕಾಣುತ್ತದೆ. ಅದನ್ನು ನೋಡಿದ ನಮ್ಮೂರ ಹಿರಿಯ ಓಬಳೇಶಪ್ಪ, 'ಇದು ಜುಂಜೇಶನ ಮನೆ ಗುರುತೇ ಐತೆ ಬಿಡ್ರಿ' ಎಂದರು. ತನಿಖೆ ಮುಗಿಯಿತು. ಮರಣೋತ್ತರ ವರದಿಯಲ್ಲಿ ಎಡಗಿವಿ ಎಂದೇ ಇತ್ತಂತೆ. ಟೈಪಿಂಗ್ ತಪ್ಪು ಎಂದು ನೀವೇ ತಿದ್ದಿಸಿದಿರಂತೆ.

ನಾನೇ ಠಾಣೆಗೆ ಬಂದು ಒಪ್ಪಿಕೊಂಡೆ. ನಿಮ್ಮ ರೈಟರ್ ತಲೆ ಎತ್ತಲಿಲ್ಲ. 'ಆ ಕೇಸು ಮುಗ್ದೈತೆ ಕಣ್ರಿ. ಸುಮ್ನೆ ಯಾಕೆ ತಲೆ ತಿಂತೀರಿ? ಇಲ್ಲೊಂದು ಸೈನ್ ಹಾಕಿ ನಡೀರಿ' ಎಂದರು. ಕಾಗದದಲ್ಲಿ ಏನಿದೆಯೆಂದು ಓದದೆ ಹಾಕಿ ಬಂದೆ.

ಕಳೆದ ವಾರ ಜೈಲಿಗೆ ಹೋಗಿ ಜುಂಜೇಶನಿಗೂ ಹೇಳಿದೆ: 'ಲೇ, ಮಾಡಿದ್ದು ನಾನು.' ಅವನು ನನ್ನ ಕೈ ಹಿಡಿದು ಅತ್ತುಬಿಟ್ಟ. 'ನನ್ನ ಬಿಡಿಸಾಕೆ ಇಂಥ ಸುಳ್ಳು ಹೇಳ್ತೀಯಲ್ಲಣ್ಣ, ದೇವರಂಥೋನು ನೀನು' ಎಂದ. ನಾಲ್ಕು ಕೊಲೆಗಳಲ್ಲಿ ಒಮ್ಮೆಯೂ ಆಗದಿದ್ದ ನಾಚಿಕೆ ನನಗೆ ಆಗ ಆಯಿತು. ಮುಂದಿನ ತಿಂಗಳು ಅವನಿಗೆ ಶಿಕ್ಷೆ ಪ್ರಕಟವಾಗಲಿದೆ.

ಆದ್ದರಿಂದ ಸೋಮವಾರದೊಳಗೆ ಅವನನ್ನು ಬಿಟ್ಟು ನನ್ನನ್ನು ಬಂಧಿಸಿ. ಹೆಣಗಳೆಲ್ಲ ಮಣ್ಣಾದವು, ಪುರಾವೆ ಉಳಿದಿಲ್ಲ ಎನ್ನುವುದಾದರೆ ಹೊಸದೊಂದನ್ನು ಒದಗಿಸಲು ಸಿದ್ಧನಿದ್ದೇನೆ. ಬೆಳಗ್ಗೆ ಆರಕ್ಕೆ ಕೆರೆ ಏರಿಯ ಮೇಲೆ ನೀವು ಒಬ್ಬರೇ ವಾಕಿಂಗ್ ಬರುವುದನ್ನು ಒಂದು ತಿಂಗಳಿಂದ ನೋಡುತ್ತಿದ್ದೇನೆ.

ಇಂತಿ,
ನಿಮ್ಮ ದೋಷಾರೋಪ ಪಟ್ಟಿಯ ಪ್ರಕಾರ ಜುಂಜೇಶನ ವಿರುದ್ಧದ ಮೂರನೇ ಸಾಕ್ಷಿ,
ನಿಂಗಪ್ಪ