ಎಡ ಚಕ್ರದ ಮೂರು ಚುಕ್ಕೆ

ಬುಧವಾರ, ಹದಿನಾಲ್ಕನೇ ತಾರೀಖು

ಮಗಳ ಅಪ್ಪನಿಗೆ,

ಮಿಕ್ಕಿದ್ದನ್ನು ಆಮೇಲೆ ಓದಿ. ಮೊದಲು ಕಾರನ್ನು ಜಾಕ್ ಮೇಲೆ ಎತ್ತಿ, ಮುಂದಿನ ಎಡ ಚಕ್ರ ಬಿಚ್ಚಿ, ಹೋದ ತಿಂಗಳು ನಾನು ಕಳಿಸಿದ, ಆ ಚಕ್ರವನ್ನು ಹೊರುವ ಸ್ಟಬ್ ಆಕ್ಸಲ್ ಹೊರಗೆ ತೆಗೆಯಿರಿ. ಅದು ಅಲ್ಲಿರುವ ತನಕ ಮಗಳು ಆ ಕಾರಿನಲ್ಲಿ ಕೂರಬಾರದು. ಭಾನುವಾರದ ಬೆಟ್ಟದ ಕಾರು ಓಟಕ್ಕಂತೂ ಖಂಡಿತ ಬೇಡ.

ಇಷ್ಟು ಓದಿ, "ಶುರುವಾಯ್ತು ಇವಳದ್ದು" ಎಂದು ಕಾಗದ ಮಡಚಬೇಡಿ. ನನ್ನ ಮಾತು ನಂಬದಿರಲು ನಿಮಗೆ ಕಾರಣವಿದೆ, ಒಪ್ಪುತ್ತೇನೆ. ಮಗಳು ಓಟಕ್ಕಿಳಿಯುವುದು ಬೇಡವೆಂದು ಹಟ ಹಿಡಿದು ಎಂಟು ತಿಂಗಳ ಹಿಂದೆ ಮನೆ ಬಿಟ್ಟು ಬಂದವಳು ನಾನು. ಆಮೇಲೂ ಟೈರು ಸರಿಯಿಲ್ಲ, ಸೀಟುಬೆಲ್ಟು ಹಳೆಯದು ಎಂದು ಇಲ್ಲದ ನೆಪ ಹೂಡಿ ಎರಡು ಸಲ ತಡೆಯಲು ನೋಡಿದೆ. ನೀವು ನನ್ನ ಫೋನ್ ತೆಗೆಯುವುದನ್ನೇ ಬಿಟ್ಟಿರಿ. ಇವತ್ತು ಬೆಳಿಗ್ಗೆ ಮಗಳಿಗೆ ಮಾಡಿದೆ. "ಅಮ್ಮಾ, ಈ ಸಲ ಏನು ಮುರಿದಿದೆ ಅಂತೀಯ?" ಎಂದು ನಕ್ಕು ಇಟ್ಟುಬಿಟ್ಟಳು. ನಾನೇ ಓಡಿ ಬರೋಣವೆಂದರೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದೇನೆ. ಬಲಗಾಲು ಮುರಿದು, ತೂಕ ಕಟ್ಟಿ ಮೇಲಕ್ಕೆ ನೇತುಹಾಕಿದ್ದಾರೆ. ಅದಕ್ಕೇ ನಮ್ಮ ಡಿಪೋದ ಲಾರಿ ಡ್ರೈವರ್ ಕೈಯಲ್ಲಿ ಈ ಕಾಗದ.

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ದೊಡ್ಡ ಎಂಜಿನ್ ಕೂರಿಸಿದ ಮೇಲೆ ಹಳೆಯ ಆಕ್ಸಲ್ ಭಾರ ತಾಳದು, ಕಾರ್ಖಾನೆಯವರು ಓಟದ ಕಾರಿಗೆಂದೇ ಮಾಡಿದ ದಪ್ಪನೆಯ ಜೋಡಿಯೇ ಬೇಕು ಎಂದು ನೀವು ಊರೂರು ತಡಕಾಡುತ್ತಿದ್ದದ್ದು ಮಗಳಿಂದ ತಿಳಿಯಿತು. ಲೇತಿನಲ್ಲಿ ಮಾಡಿಸೋಣವೆಂದರೆ ಓಟದ ನಿಯಮ ಬಿಡುವುದಿಲ್ಲ; ಕಾರ್ಖಾನೆಯ ನಂಬರ್ ಇರಲೇಬೇಕು. ಅಂಥ ಕಾರು ಹೊರಬಂದದ್ದೇ ನಲವತ್ತು. ಕಾರ್ಖಾನೆಗೆ ಬೀಗ ಬಿದ್ದು ಇಪ್ಪತ್ತೆರಡು ವರ್ಷ. ನಾನು ಬಂದು ಸೇರಿದ ಬಸ್ ಡಿಪೋ ಇರುವುದೋ ಅದೇ ಕಾರ್ಖಾನೆಯ ಬೆನ್ನಿಗೆ. ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವವಳ ಕೈ ಸುಮ್ಮನಿದ್ದೀತೇ?

ಓಟ ಬೇಡ ಎಂದವಳೇ ಓಟದ ಕಾರಿಗೆ ಸಾಮಾನು ಹುಡುಕಲು ಹೊರಟೆ. ರಜೆಯ ದಿನವೆಲ್ಲ ಹಳೆಯ ಕೆಲಸಗಾರರ ಮನೆ ಬಾಗಿಲು ತಟ್ಟಿದೆ. ಒಬ್ಬರ ಹತ್ತಿರ ಅರ್ಧ ಹರಿದ ಬಿಡಿಭಾಗಗಳ ಪಟ್ಟಿ ಸಿಕ್ಕಿತು. ಇನ್ನೊಬ್ಬರ ಮನೆಯಲ್ಲಿ ಓಟದ ಕಾರಿನದೇ ಬ್ರೇಕ್ ಡ್ರಮ್ ಇತ್ತು, ಅದರಲ್ಲಿ ಅವರ ಸೊಸೆ ಗುಲಾಬಿ ನೆಟ್ಟಿದ್ದಳು. ಕೇಳಿದ್ದಕ್ಕೆ ನನ್ನನ್ನು ಗುರಾಯಿಸಿದಳು. ಕೊನೆಗೆ ಗುಜರಿ ವ್ಯಾಪಾರಿಯೊಬ್ಬರ ಗೋದಾಮು. ಊರವರು ಅವರನ್ನು ತುಕ್ಕು ಸಾಹುಕಾರ ಎನ್ನುತ್ತಾರೆ, ಅವರೂ ಹೆಮ್ಮೆಯಿಂದಲೇ ಓಗೊಡುತ್ತಾರೆ. ಅಲ್ಲಿ ಬಲಗಡೆಯ ಆಕ್ಸಲ್ ಸಿಕ್ಕಿತು, ಸುತ್ತಿದ್ದ ಗ್ರೀಸ್ ಕಾಗದ ಕೂಡ ಬಿಚ್ಚಿರಲಿಲ್ಲ. ಕಳಿಸಿದೆ.

ನೀವು ಬರೆದಿರಿ: "ಬಲಗಡೆಯದು ಸರಿಯಾಗಿ ಕೂತಿತು. ಎಡಗಡೆಯದೂ ಸಿಕ್ಕರೆ ಕಳಿಸು." ಎಂಟು ತಿಂಗಳಲ್ಲಿ ನಿಮ್ಮಿಂದ ಬಂದ ಮೊದಲ ಬರಹ ಅದು. ಎಷ್ಟು ಸಲ ಓದಿದೆನೆಂದು ಹೇಳಲಾರೆ, ನಾಚಿಕೆಯಾಗುತ್ತದೆ. ಆಮೇಲೆ ಎಡಗಡೆಯದು ಸಿಗದೆ ಹೋಗಲು ನಾನು ಬಿಡುವ ಮಾತೇ ಇರಲಿಲ್ಲ.

ಸಿಕ್ಕಿತು. ಕಾಗದದಲ್ಲಿ ಸುತ್ತಿದ್ದಲ್ಲ, ಗೋದಾಮಿನ ಹಿಂದೆ ಬಯಲಲ್ಲಿ ಬಿದ್ದ ರಾಶಿಯಲ್ಲಿ. ನಂಬರ್ ಸರಿಯಾಗಿತ್ತು. ನಂಬರಿನ ಪಕ್ಕದಲ್ಲಿ ಪಂಚಿನಿಂದ ಹೊಡೆದ ಮೂರು ಚುಕ್ಕೆಗಳಿದ್ದವು. ಬಲಗಡೆಯದರಲ್ಲಿ ಅವು ಇರಲಿಲ್ಲ. ಏನಿದು ಎಂದು ಕೇಳಿದೆ. "ಕಬ್ಬಿಣಕ್ಕೂ ಮಚ್ಚೆ ಇರುತ್ತೆ ಅಂದ್ಕೊಳಮ್ಮ" ಎಂದು ಸಾಹುಕಾರರು ನಕ್ಕರು. ನಾನೂ ನಕ್ಕು ತಂದೆ.

ಹೋದ ವಾರ ನಿಮ್ಮ ಕಾರಿಗೇ ಇನ್ನೇನಾದರೂ ಸಿಕ್ಕೀತೆಂದು ಅದೇ ಗೋದಾಮಿನ ಏಣಿ ಹತ್ತಿ ಬಿದ್ದೆ. ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ, ಮಂಡಿ ಆಪರೇಷನ್ನಿಗೆ ಬಂದವರು. ಆ ಕಾರ್ಖಾನೆಯ ತಪಾಸಣೆ ವಿಭಾಗದಲ್ಲೇ ಇಪ್ಪತ್ತು ವರ್ಷ ಇದ್ದರಂತೆ. ನಿನ್ನೆ ಸಂಜೆ ಹೊತ್ತು ಹೋಗದೆ ನನ್ನ ಬೇಟೆಯ ಕಥೆ ಹೇಳುತ್ತಾ ಚುಕ್ಕೆಗಳ ಮಾತೆತ್ತಿದೆ. ಅಜ್ಜಿ ಕುಡಿಯುತ್ತಿದ್ದ ನೀರಿನ ಲೋಟ ಕೆಳಗಿಟ್ಟರು.

"ಎಷ್ಟು ಚುಕ್ಕೆ?" ಎಂದರು.

"ಮೂರು" ಎಂದೆ.

"ಅವನ್ನ ಹೊಡೆದೋಳು ನಾನೇ ಕಣಮ್ಮ. ಒಳಗೆ ಬಿರುಕು ಬಿಟ್ಟಿದ್ದಕ್ಕೆ ಹೊಡೀತಿದ್ದೆ. ಕರಗಿಸೋಕೆ ಅಂತ ಕಳಿಸಿದ್ವು ಅವನ್ನ. ಅದು ಹೆಂಗೆ ಹೊರಗೆ ಬಂತು?"

ಆ ತಿಂಗಳು ಕಾಸಿದ ಉಕ್ಕನ್ನು ತಣಿಸುವುದರಲ್ಲಿ ಎಡವಟ್ಟಾಗಿ ಹನ್ನೊಂದು ಆಕ್ಸಲ್ ಕೆಟ್ಟವಂತೆ. ಬಿರುಕು ಹೊರಗಿನಿಂದ ಕಣ್ಣಿಗೆ ಕಾಣುವುದಿಲ್ಲವಂತೆ. ನೇರ ರಸ್ತೆಯಲ್ಲಿ ವರ್ಷಗಟ್ಟಲೆ ಓಡಬಹುದು, ಜೋರಾಗಿ ತಿರುಗಿಸಿದಾಗ ಚಕ್ರವೇ ಕಳಚಿ ಹೋಗಬಹುದು ಎಂದರು.

ನನ್ನ ಮಾತು ಬೇಡ, ನೀವೇ ನೋಡಿ. ಅಜ್ಜಿ ಹೇಳಿಕೊಟ್ಟದ್ದು ಇದು. ಆಕ್ಸಲನ್ನು ಒಂದು ಗಂಟೆ ಸೀಮೆಎಣ್ಣೆಯಲ್ಲಿ ಮುಳುಗಿಸಿಡಿ. ತೆಗೆದು ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾಯಿರಿ. ಬಿರುಕಿದ್ದರೆ ಒಳಗೆ ಹೊಕ್ಕ ಎಣ್ಣೆ ಮೆಲ್ಲಗೆ ಹೊರಬಂದು ಪುಡಿಯ ಮೇಲೆ ಗೆರೆ ಎಳೆಯುತ್ತದೆ. ಗೆರೆ ಬರದಿದ್ದರೆ ನಾನು ಇನ್ನೆಂದೂ ಈ ಕಾರಿನ ಸುದ್ದಿಗೆ ಬರುವುದಿಲ್ಲ.

ಇಂತಿ,
ಮಗಳ ಅಮ್ಮ

ತಾ.ಕ.: ಚುಕ್ಕೆಗಳನ್ನು ಹುಡುಕಬೇಡಿ, ಸಿಗುವುದಿಲ್ಲ. ನಿಮ್ಮ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ, ಬೇಡವೆಂದು ವಾಪಸು ಕಳಿಸುತ್ತೀರಿ ಎಂದು ಗೊತ್ತಿತ್ತು. ಪಾರ್ಸಲ್ ಕಟ್ಟುವ ಮೊದಲು ನಾನೇ ಅರ ಹಾಕಿ ಉಜ್ಜಿ ತೆಗೆದೆ.


ಮಂಗಳವಾರ, ಇಪ್ಪತ್ತನೇ ತಾರೀಖು

ಮಗಳ ಅಮ್ಮನಿಗೆ,

ಭಾನುವಾರವೇ ಮಗಳು ನಿನಗೆ ಫೋನ್ ಮಾಡಿ ತಾನು ಕ್ಷೇಮವೆಂದು ಹೇಳಿದ್ದಾಳೆ. ಆದರೆ ಅವಳು ನನ್ನ ಮಾನ ಉಳಿಸಲು ಏನೇನು ನುಂಗಿಕೊಂಡಳೋ ಗೊತ್ತಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ಡ್ರೈವರ್ ಗುರುವಾರ ಮಧ್ಯಾಹ್ನವೇ ಬಂದಿದ್ದ. ನಾನು ಕಾರಿನಡಿ ಮಲಗಿದ್ದೆ. "ಅರ್ಜೆಂಟಂತೆ ಸಾರ್, ಈಗ್ಲೇ ಓದ್ಬೇಕಂತೆ" ಎಂದ. "ಅವಳದ್ದು ಯಾವಾಗ್ಲೂ ಅರ್ಜೆಂಟೇ" ಎಂದು ಅಲ್ಲಿಂದಲೇ ಕೈ ಚಾಚಿ ಇಸಿದುಕೊಂಡು, ಹತಾರದ ಪೆಟ್ಟಿಗೆಯ ತಳಕ್ಕೆ ಎಸೆದೆ. ಶುಕ್ರವಾರ ಸ್ಪ್ಯಾನರ್ ತೆಗೆಯುವಾಗ ಕಂಡಿತು. ಶನಿವಾರವೂ ಕಂಡಿತು. ಒಡೆಯಲಿಲ್ಲ.

ಭಾನುವಾರ ಬೆಟ್ಟದ ಬುಡದಲ್ಲಿ ಸಾಲಿನಲ್ಲಿ ನಿಂತಿದ್ದೆವು. ನಮ್ಮ ಮುಂದೆ ಇನ್ನು ಎರಡೇ ಕಾರು. ಟೈರಿನ ಗಾಳಿ ಕೊನೆಯ ಸಲ ನೋಡುತ್ತೇನೆಂದು ಮಗಳು ಗೇಜ್ ತರಲು ಪೆಟ್ಟಿಗೆಯ ಕಡೆ ಹೋದಳು. ವಾಪಸು ಬರಲಿಲ್ಲ. ಮುಂದಿನ ಕಾರು ಹೊರಟಿತು. ಕೂಗಿದೆ. ತಿರುಗಿ ನೋಡಿದರೆ ಹೆಲ್ಮೆಟ್ ಹಾಕಿಕೊಂಡೇ ನಿಂತು ನಿನ್ನ ಕಾಗದ ಓದುತ್ತಿದ್ದಳು. ಲಕೋಟೆಯ ಮೇಲಿನ ಅಕ್ಷರ ನೋಡಿ ಒಡೆದಿದ್ದಾಳೆ.

ಕಿರುಚಲಿಲ್ಲ, ಅಳಲಿಲ್ಲ. ಬಂದು ಕಾರಿನ ಕೀ ಕಿತ್ತು ಜೇಬಿಗೆ ಹಾಕಿಕೊಂಡಳು. "ಅಪ್ಪಾ, ಇದು ಯಾವತ್ತು ಬಂತು?" ಎಂದಳು.

"ಗುರುವಾರ" ಎಂದೆ.

ಬಾವುಟದವನು ನಮ್ಮನ್ನು ಕರೆಯುತ್ತಿದ್ದ. ನಾವಿಬ್ಬರೂ ಕಾರನ್ನು ಸಾಲಿನಿಂದ ಹೊರಗೆ ನೂಕಿದೆವು. ಯಾರೋ ಸಿಳ್ಳೆ ಹೊಡೆದರು.

ಅಲ್ಲೇ ಬಿಚ್ಚಿದೆ. ಸೀಮೆಎಣ್ಣೆ ಪಕ್ಕದ ತಂಡದವರು ಕೊಟ್ಟರು, ಸೀಮೆಸುಣ್ಣ ಹಲಗೆಯ ಮೇಲೆ ಸಮಯ ಬರೆಯುವವರಿಂದ ಸಿಕ್ಕಿತು. ಒಂದು ಗಂಟೆ ನೆನೆಸಿ, ಒರೆಸಿ, ಪುಡಿ ಹಾಕಿ ಕೂತೆವು. ಹತ್ತು ನಿಮಿಷವಾದರೂ ಏನೂ ಇಲ್ಲ. ಸುಳ್ಳು ಹೇಳುವುದಿಲ್ಲ, ಆಗ ನನಗೆ ಒಳಗೊಳಗೇ ಖುಷಿಯಾಯಿತು. ನೋಡಿದೆಯಾ ನಿನ್ನ ಅಮ್ಮನನ್ನು ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಆಕ್ಸಲಿನ ಬುಡದ ಹತ್ತಿರ ಪುಡಿ ಒದ್ದೆಯಾಯಿತು. ಕೂದಲಿನಷ್ಟು ಸಣ್ಣ ಗೆರೆ. ನೋಡುತ್ತಿದ್ದ ಹಾಗೆ ಸುತ್ತಿಕೊಂಡು ಹೋಯಿತು, ಅರ್ಧಕ್ಕಿಂತ ಹೆಚ್ಚು.

ಮಗಳು ಅದನ್ನು ಪಕ್ಕದ ತಂಡದವರ ವೈಸಿನ ಕಬ್ಬಿಣದ ದವಡೆಗೆ ಕಚ್ಚಿಸಿ ಸುತ್ತಿಗೆ ಎತ್ತಿದಳು. ಎರಡನೇ ಏಟಿಗೆ ಮುರಿಯಿತು. "ಮೇಲಿನ ತಿರುವಲ್ಲಿ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ ಅಪ್ಪಾ" ಎಂದಳು. ಅಷ್ಟೇ. ಅಂದಿನಿಂದ ನನ್ನ ಜೊತೆ ಕೆಲಸದ ಮಾತು ಬಿಟ್ಟರೆ ಬೇರೆ ಇಲ್ಲ.

ನೀನು ಅರ ಹಾಕಿದ್ದಕ್ಕೆ ನನ್ನ ಕೋಪ ಇಳಿದಿಲ್ಲ. ಇಳಿದಿದೆ ಎಂದು ಬರೆದರೆ ನೀನೇ ನಂಬುವುದಿಲ್ಲ. ಮೂರು ದಿನ ಕಾಗದ ಒಡೆಯದವನಿಗೆ ಕೋಪಿಸಿಕೊಳ್ಳುವ ಹಕ್ಕು ಎಷ್ಟಿದೆಯೋ ಅದೂ ಗೊತ್ತಿಲ್ಲ. ದೊಡ್ಡ ಎಂಜಿನ್ ಇಳಿಸಿದ್ದೇವೆ. ಹಳೆಯದೇ ಇರಲಿ ಎಂದು ಮಗಳೇ ಹೇಳಿದಳು. ಓಟ ಮಾತ್ರ ಬಿಡುವುದಿಲ್ಲವಂತೆ. ಅದನ್ನು ನಿನಗೆ ತಾನೇ ಎದುರು ಕೂತು ಹೇಳುತ್ತಾಳಂತೆ.

ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸು. ಕಾಲು ಅಲುಗಾಡಿಸಬೇಡ.

ಇಂತಿ,
ಮಗಳ ಅಪ್ಪ

ತಾ.ಕ.: ಅರ ಹಾಕಿದ ಜಾಗ ನನಗೆ ಆಕ್ಸಲ್ ಕೂರಿಸುವ ದಿನವೇ ಕಂಡಿತ್ತು. ಹೆಬ್ಬೆರಳ ಉಗುರಿನಷ್ಟು ಹೊಸ ಹೊಳಪು. ಯಾರೋ ಏನನ್ನೋ ಅಳಿಸಿದ್ದಾರೆ ಎಂದು ತಿಳಿಯದಷ್ಟು ಹೊಸಬನಲ್ಲ ನಾನು. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಆಕ್ಸಲ್ ಕೈತಪ್ಪುತ್ತದೆ ಎಂದು ಮೇಲೆ ಕಪ್ಪು ಬಣ್ಣ ಬಳಿದೆ. ಭಾನುವಾರ ಮಗಳು ಕೇಳಿದಾಗ, ಕಂಡಿರಲಿಲ್ಲ ಎಂದೆ. ಶುಕ್ರವಾರದ ರೈಲಿಗೆ ಇಬ್ಬರಿಗೂ ಟಿಕೆಟ್ ತೆಗೆಸಿದ್ದೇನೆ. ನಿನ್ನ ಮುಂದೆಯೇ ಅವಳಿಗೆ ನಿಜ ಹೇಳುತ್ತೇನೆ.