ಪ್ರಾಗ್‌ನಿಂದ ತಂದ ಬಿಡಿಮಣಿಗಳು

ದುಬೈ ಸಿಲಿಕಾನ್ ಓಯಸಿಸ್,
ದುಬೈ
17 ಡಿಸೆಂಬರ್ 2015

ಪ್ರೀತಿಯ ಪ್ರಫುಲ್ಲಾ,

ಮೊಣಗಂಟಿನ ನೋವು ಹೇಗುಂಟು, ಮೊದಲು ಅದನ್ನು ಹೇಳು. ಎಣ್ಣೆ ತಿಕ್ಕಿ ಬಿಸಿನೀರಿನ ಶಾಖ ಕೊಡುತ್ತಿದ್ದೀಯಾ, ಇಲ್ಲ ಮದುವೆಮನೆಯ ಗಡಿಬಿಡಿಯಲ್ಲಿ ಅದನ್ನೂ ಮರೆತಿದ್ದೀಯಾ? ಬಿ.ಪಿ. ಮಾತ್ರೆಯನ್ನು ಬೆಳಿಗ್ಗೆ ತಿಂಡಿಯ ನಂತರವೇ ತಗೋ. ಗೋಡೆಗೆ ಬಣ್ಣ ಬಳಿಯುವವರು ಏಣಿ ಹತ್ತಿದ್ದರೆ ನೀನು ಕೆಳಗೆ ಸೊಂಟಕ್ಕೆ ಕೈಕೊಟ್ಟು ನಿಂತು ಅಪ್ಪಣೆ ಕೊಡಿಸುತ್ತಿರುತ್ತೀ ಎಂದು ನನಗೆ ಇಲ್ಲಿಂದಲೇ ಕಾಣುತ್ತದೆ. ಕುರ್ಚಿ ಹಾಕಿಸಿಕೊಂಡು ಕುಳಿತು ಬೈ, ಮಾರಾಯ್ತಿ. ನಾವು ಮೂವರೂ ಇಲ್ಲಿ ಸೌಖ್ಯ. ಸಮೀಕ್ಷಾಳಿಗೆ ಶೀತವಾಗಿತ್ತು, ಈಗ ವಾಸಿ. ಅಬುಧಾಬಿಯಿಂದ ನಮ್ಮ ರಂಜಿತ್ ಪ್ರತಿ ಶುಕ್ರವಾರ ಬಂದು ಹೋಗುತ್ತಿದ್ದಾನೆ. ಮದುಮಗನ ಕಳೆ ಮುಖಕ್ಕೆ ಆಗಲೇ ಹತ್ತಿದೆ.

ದಿನಾ ಫೋನಿನಲ್ಲಿ ಮಾತಾಡುವವರು ಈಗ ಪತ್ರ ಯಾಕೆ ಎಂದು ಕೇಳುತ್ತೀ. ಫೋನಿನಲ್ಲಿ ನಾನು ಒಂದು ವಾಕ್ಯ ಮುಗಿಸುವುದರೊಳಗೆ “ನೀವು ಮಾತಾಡುವುದಾ, ಭಾಷಣ ಮಾಡುವುದಾ?” ಎಂದು ಇಟ್ಟುಬಿಡುತ್ತೀಯಲ್ಲ, ಅದಕ್ಕೆ. ಮೈಕು ಇಲ್ಲದ ಕಾಲದಲ್ಲಿ ನಾಟಕ ನೋಡುವ ಹಿಂದಿನ ಸಾಲಿನವರಿಗೂ ಕೇಳಲಿ ಎಂದು ಬೆಳೆಸಿದ ಸ್ವರ ಇದು, ಈ ವಯಸ್ಸಿನಲ್ಲಿ ಎಲ್ಲಿ ಇಳಿಸಲಿ? ಕಾಗದಕ್ಕೆ ಸ್ವರವಿಲ್ಲ. ನಡುವೆ ತುಂಡರಿಸಲಿಕ್ಕೂ ಆಗುವುದಿಲ್ಲ. ಪಕ್ಕದ ಫ್ಲ್ಯಾಟಿನ ಅಬ್ದುಲ್ ಗಫೂರ್ ಇವತ್ತು ಮಂಗಳೂರಿಗೆ ಹಾರುತ್ತಾರೆ. ಅಲ್ಲಿಂದ ಭಟ್ಕಳಕ್ಕೆ ಹೋಗುವ ದಾರಿಯಲ್ಲೇ ಕಾಪು ಸಿಗುತ್ತದಲ್ಲ, ಕಾರು ನಿಲ್ಲಿಸಿ ನಿನ್ನ ಕೈಯಲ್ಲೇ ಕೊಡುತ್ತೇನೆ ಎಂದಿದ್ದಾರೆ. ಅವರಿಗೆ ಒಂದು ಲೋಟ ಚಹಾ ಕೊಡದೆ ಕಳಿಸಬೇಡ.

ವಿಷಯ ನಮ್ಮ ಸೊಸೆ ದೀಪ್ತಿಯದು. ಹೋದ ಶುಕ್ರವಾರ ನೀನು ಹೇಳಿದ ಮಾತು ನೆನಪುಂಟಲ್ಲ? “ರಂಜಿತನ ಮದುವೆಗೆ ದೀಪ್ತಿ ಬರಲಿ, ಬೇಡ ಅನ್ನುವುದಿಲ್ಲ. ಮುಹೂರ್ತದ ಹೊತ್ತಿಗೆ ಮಾತ್ರ ಒಳಗಿನ ಕೋಣೆಯಲ್ಲಿರಲಿ. ಆರತಿಗೆ ಬೇರೆ ಯಾರಿಗಾದರೂ ಹೇಳುತ್ತೇನೆ.” ನನ್ನ ಕಿವಿ ಮಂದವಾದ ಮೇಲೆ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ ಎಂಬುದು ನಿನಗೆ ಆ ಗಳಿಗೆಯಲ್ಲಿ ಮರೆತುಹೋಗಿರಬೇಕು. ದೀಪ್ತಿ ಅಡುಗೆಮನೆಯಲ್ಲಿ ದೋಸೆ ಹೊಯ್ಯುತ್ತಿದ್ದಳು. ದೋಸೆ ತಿರುವಿ ಹಾಕಿ, ನನ್ನ ತಟ್ಟೆಗೆ ತಂದು ಬಡಿಸಿ, “ಮಾವ, ಚಟ್ನಿ ಸಾಕಾ?” ಎಂದಳು. ಅಷ್ಟೇ. ಕೂಗಿ ಅಳುವ ದೃಶ್ಯಗಳನ್ನು ನಾನು ಸಾವಿರ ನೋಡಿದ್ದೇನೆ ಪ್ರಫುಲ್ಲಾ. ಚಟ್ನಿ ಸಾಕಾ ಎಂದು ಕೇಳುವ ದೃಶ್ಯವನ್ನು ಎದುರಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಈಗ ಪ್ರಾಗ್ ವಿಷಯಕ್ಕೆ ಬರುತ್ತೇನೆ. ಈ ತಿಂಗಳ ಮೊದಲಲ್ಲಿ ಇಲ್ಲಿಯ ನ್ಯಾಷನಲ್ ಡೇ ರಜೆಗೆ ನಾವು ಹೊರಟಾಗ “ಮದುವೆ ಎದುರಿಗಿರುವಾಗ ಯುರೋಪ್ ತಿರುಗುವುದಾ?” ಎಂದು ನೀನು ಮುನಿಸಿಕೊಂಡಿದ್ದೆ. ಅದು ತಿರುಗಾಟವಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ರೋಷನ್ ಅವಳನ್ನು ಕರೆದುಕೊಂಡು ಹೋದ ಊರು ಅದು. ನಮ್ಮ ಮಗ ಅಬುಧಾಬಿ ರಸ್ತೆಯ ಅಪಘಾತದಲ್ಲಿ ಹೋಗಿಬಿಟ್ಟ ಮೇಲೆ ಈ ಎರಡೂವರೆ ವರ್ಷದಲ್ಲಿ ಅವಳು ತನಗಾಗಿ ನನ್ನ ಹತ್ತಿರ ಕೇಳಿದ್ದು ಅದೊಂದನ್ನೇ. “ಅವರ ಜೊತೆ ನೋಡಿದ್ದನ್ನು ಒಮ್ಮೆ ನೋಡಿ ಬರ್ತೇನೆ ಮಾವ. ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ. ನೀವು ಬರ್ತೀರಾ?” ಎಂದಳು. ಬರುವುದಿಲ್ಲ ಎನ್ನಲಿಕ್ಕೆ ನಾನು ಯಾವ ಊರಿನ ಅರಸ?

ಏನು ಊರು ಮಾರಾಯ್ತಿ ಅದು! ನಮ್ಮಪ್ಪ ನಾಟಕ ಮಂಡಳಿಗೆ ಅರಮನೆಯ ಪರದೆ ಬರೆಸುತ್ತಿದ್ದರಲ್ಲ, ಆ ಪರದೆಯೊಳಗಿನ ಗೋಪುರಗಳೆಲ್ಲ ಎದ್ದು ನಡೆದುಬಂದು ನದಿಯ ಎರಡೂ ದಂಡೆಯಲ್ಲಿ ನಿಂತ ಹಾಗಿದೆ. ಸೇತುವೆಯ ಉದ್ದಕ್ಕೂ ಕಲ್ಲಿನ ವಿಗ್ರಹಗಳು. ಒಬ್ಬ ಕೈ ಎತ್ತಿದ್ದಾನೆ, ಒಬ್ಬ ಮೊಣಕಾಲೂರಿದ್ದಾನೆ, ಎಲ್ಲರೂ ಕೊನೆಯ ಅಂಕದಲ್ಲೇ ನಿಂತುಬಿಟ್ಟಿದ್ದಾರೆ. ಚಳಿಗೆ ನನ್ನ ಮೂಗು ಇದೆಯೋ ಇಲ್ಲವೋ ಎಂದು ಮುಟ್ಟಿ ಮುಟ್ಟಿ ನೋಡಿಕೊಂಡೆ. “ಅಜ್ಜಾ, ಯು ಲುಕ್ ಲೈಕ್ ಅ ಬೇರ್” ಎಂದು ಸಮೀಕ್ಷಾ ನನ್ನ ಕೋಟು ಹಿಡಿದುಕೊಂಡು ನಕ್ಕಿದ್ದೇ ನಕ್ಕಿದ್ದು. ದೀಪ್ತಿ ಒಂದೊಂದೇ ಜಾಗ ತೋರಿಸಿದಳು. ಇಲ್ಲಿ ರೋಷನ್ ಒಂದು ಕೈಗವಸು ಕಳೆದುಕೊಂಡು, ಉಳಿದ ಒಂದನ್ನು ಇಬ್ಬರೂ ಸರದಿಯಲ್ಲಿ ಹಾಕಿಕೊಂಡರಂತೆ. ಅಲ್ಲಿ, ಕೋಲಿಗೆ ಸುತ್ತಿ ಸುಡುವ ಸಿಹಿರೊಟ್ಟಿಯನ್ನು ಆತುರಕ್ಕೆ ಕಚ್ಚಿ ನಾಲಿಗೆ ಸುಟ್ಟುಕೊಂಡನಂತೆ. ನಿನ್ನ ಮಗನಲ್ಲವೇ, ಆರುವವರೆಗೆ ತಡೆದುಕೊಂಡದ್ದು ಯಾವಾಗ? ನದಿಯ ಬದಿಯ ಬೆಂಚಿನಲ್ಲಿ ಕುಳಿತು ಅವಳು ಒಂದು ಮಾತು ಕೇಳಿದಳು. “ಮಾವ, ಇಲ್ಲಿಗೆ ಬಂದರೆ ದುಃಖ ಆಗ್ತದೆ ಅಂತ ಹೆದರಿದ್ದೆ. ಆಗ್ತದೆ. ಆದರೆ ಈ ಊರು ನಂಗೆ ಈಗಲೂ ಇಷ್ಟವೇ ಉಂಟು. ಅವರಿಲ್ಲದಿದ್ದರೂ ಇಷ್ಟ. ಅದು ತಪ್ಪಾ?” ನಾನು ತಪ್ಪಲ್ಲ ಎಂದೆ. ನೀನು ಅಲ್ಲಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ, ನನಗೆ ಗೊತ್ತು.

ಮರುದಿನ ಹಳೆಪೇಟೆಯ ಸಂದಿಯಲ್ಲಿ ಒಂದು ಗಾಜುಮಣಿಯ ಅಂಗಡಿ. ಆ ದೇಶ ಗಾಜಿಗೆ ಹೆಸರುವಾಸಿ. ಗೋಡೆ ತುಂಬ ಮಣಿಸರಗಳು ಇಳಿಬಿದ್ದಿದ್ದವು: ಕೆಂಪು, ಹಸುರು, ಜೇನಿನ ಬಣ್ಣ, ನೀಲಿ. ಅಂಗಡಿಯ ಮುದುಕಿಗೆ ನಮ್ಮ ಭಾಷೆ ಬಾರದು, ನಮಗೆ ಅವಳದು. ದೀಪ್ತಿ ಒಂದು ನೀಲಿ ಸರವನ್ನು ನೋಡುತ್ತಾ ನಿಂತದ್ದು ಕಂಡು ಆಕೆ ಅದನ್ನು ತೆಗೆದು ಹಿಂದಿನಿಂದ ಬಂದು ಇವಳ ಕೊರಳಿಗೆ ಹಿಡಿದು ಕನ್ನಡಿಗೆ ತಿರುಗಿಸಿದಳು. ಪ್ರಫುಲ್ಲಾ, ಕಾದ ಕಾವಲಿ ತಾಗಿದವಳ ಹಾಗೆ ದೀಪ್ತಿ ಹಿಂದೆ ಸರಿದಳು. ಸರಿದು, ಮೊದಲು ನೋಡಿದ್ದು ಕನ್ನಡಿಯನ್ನಲ್ಲ, ನನ್ನನ್ನು. ದಿನವಿಡೀ ಆಫೀಸಿನಲ್ಲಿ ಇಪ್ಪತ್ತು ಜನರಿಗೆ ಕೆಲಸ ಹಂಚುವ ಹೆಂಗಸು, ಮಗಳನ್ನೂ ಈ ಮುದುಕನನ್ನೂ ಹೊರದೇಶಕ್ಕೆ ಕರೆತಂದ ಹೆಂಗಸು, ಒಂದು ಗಾಜಿನ ಸರ ಮೈಗೆ ತಾಗಿತೆಂದು ಬೈಗಳಿಗೆ ಕಾಯುವ ಹುಡುಗಿಯ ಹಾಗೆ ನನ್ನ ಮುಖ ನೋಡಿದಳು. ಕೂಡಲೇ “ಬೇಡ, ಬೇಡ, ಸುಮ್ಮನೆ ನೋಡಿದ್ದು” ಎಂದು ಹೊರಗೆ ಹೋಗಿಬಿಟ್ಟಳು. ನಾನು ಆ ಮುದುಕಿಗೆ ಕೈಸನ್ನೆ ಮಾಡಿ, ಅದೇ ನೀಲಿಯ ಬಿಡಿಮಣಿ ಒಂದು ಪೊಟ್ಟಣ, ಬೇರೆ ಬಣ್ಣದ್ದು ಎರಡು ಪೊಟ್ಟಣ ಕಟ್ಟಿಸಿಕೊಂಡೆ. ಕೇಳಿದರೆ ಮೊಮ್ಮಗಳಿಗೆ ಎಂದು ಹೇಳುವ ಅಂದಾಜು. ಸರವನ್ನೇ ಕೊಂಡರೆ ಅದು ನಾನು ತೊಡಿಸಿದ ಹಾಗೆ ಆಗುತ್ತದೆ. ಬಿಡಿಮಣಿಯಾದರೆ ಪೋಣಿಸುವುದೂ ಬಿಡುವುದೂ ಅವಳ ಕೈಯಲ್ಲಿ.

ದುಬೈಗೆ ಮರಳಿದ ಮೇಲೆ ಊಟದ ಮೇಜು ನನ್ನ ಕಾರ್ಖಾನೆ. ಬರ್ ದುಬೈ ಪೇಟೆಗೆ ಹೋಗಿ ನೈಲಾನ್ ದಾರ, ಸಣ್ಣ ಸೂಜಿ, ಲೇಸು, ಬರಿಯ ಹೇರ್‌ಬ್ಯಾಂಡ್‌ಗಳನ್ನು ತಂದೆ. ನೀನು ಮೂಲೆಗೆ ಹಾಕಿ ಹೋದ ಹಳೆ ಸೀರೆಯ ಅಂಚನ್ನು ಕತ್ತರಿಸಿ ಹೇರ್‌ಬ್ಯಾಂಡಿಗೆ ಸುತ್ತಿ ಅಂಟಿಸಿದೆ (ಯಾವ ಸೀರೆ ಎಂದು ಕೇಳಬೇಡ). ಕೋಟಿನ ಗುಂಡಿಗೆ ಜರಿ ಸುತ್ತಿ ಬ್ರೂಚು ಮಾಡಿದೆ. ರಟ್ಟು ಮತ್ತು ಬೇಗಡೆಯಿಂದ ಏಳು ರಾಜ್ಯಗಳಿಗೆ ಕಿರೀಟ ಮಾಡಿದ ಈ ಕೈಗೆ ಇದು ಯಾವ ಲೆಕ್ಕ ಎಂದು ಕುಳಿತರೆ, ಮಣಿ ಪೋಣಿಸುವಾಗ ಬೆರಳು ದಪ್ಪವಾಗಿ ಎಲ್ಲ ನೆಲಕ್ಕೆ! “ನೋ ಅಜ್ಜಾ, ನಾಟ್ ಲೈಕ್ ದಟ್” ಎಂದು ಸಮೀಕ್ಷಾ ಮೇಜಿನ ಕೆಳಗೆ ತೂರಿ ಹೆಕ್ಕುತ್ತಿದ್ದಳು. ಮೂರನೆಯ ದಿನ ದೀಪ್ತಿ ಆಫೀಸಿನಿಂದ ಬಂದವಳು ಬ್ಯಾಗು ಇಳಿಸಿ ಸ್ವಲ್ಪ ಹೊತ್ತು ನಿಂತು ನೋಡಿದಳು. “ಮಾವ, ಗಂಟು ಹೀಗೆ ಹಾಕಿದರೆ ಜಾರ್ತದೆ. ಇಲ್ಲಿ ಕೊಡಿ” ಎಂದು ಕುಳಿತಳು. ಕೆಂಪಿನದು ಸಮೀಕ್ಷಾಳಿಗಾಯಿತು, ಹಸುರು ಅವಳ ಗೊಂಬೆಗಾಯಿತು. ಕೊನೆಗೆ ನೀಲಿಯ ಪೊಟ್ಟಣ ಬಿಚ್ಚಿದಳು. ನಾನು ಟಿ.ವಿ.ಯ ಕಡೆಗೆ ತಿರುಗಿ ಕುಳಿತೆ. ಟಿ.ವಿ. ಹಾಕಿರಲಿಲ್ಲ. ಆ ಕಪ್ಪು ಗಾಜಿನಲ್ಲಿ ಅವಳು ಸರ ಮುಗಿಸಿ, ಅಳತೆ ನೋಡುವವಳ ಹಾಗೆ ಕೊರಳಿಗೆ ಹಾಕಿಕೊಂಡು, ತೆಗೆಯದೆ ಎದ್ದು ಅನ್ನಕ್ಕೆ ಇಟ್ಟದ್ದು ಕಾಣಿಸಿತು.

ಆಮೇಲೆ ದಿನಾ ಸಂಜೆ ಮನೆಯೊಳಗೆ ಹಾಕಿಕೊಳ್ಳುತ್ತಿದ್ದಳು. ಗಫೂರರ ಹೆಂಡತಿ ಸಾಲಿಹಾ ಒಂದು ದಿನ ಖರ್ಜೂರ ಕೊಡಲಿಕ್ಕೆ ಬಂದವಳು ನೋಡಿ, “ಮಾಶಾ ಅಲ್ಲಾ, ಒಪ್ತದೆ ನಿಂಗೆ” ಎಂದಳು. ದೀಪ್ತಿ ಕೈಯಿಂದ ಮುಚ್ಚಿಕೊಂಡಳು. ಸಾಲಿಹಾ ಬಿಡುವವಳೇ? “ಅದ್ಯಾಕೆ ಮುಚ್ಕೊಳ್ತಿ? ನಮ್ಮಲ್ಲಿ ಗಂಡ ಹೋದ್ರೆ ಇದ್ದತ್ ಅಂತ ನಾಲ್ಕು ತಿಂಗಳು ಚಿಲ್ಲರೆ ಕೂರ್ಬೇಕು. ಅದು ಮುಗೀತು ಅಂದ್ರೆ ಖಲಾಸ್. ನಿಮ್ಮಲ್ಲಿ ಯಾವಾಗ ಮುಗೀತದೆ ದೂಮಪ್ಪಣ್ಣ?” ಎಂದು ನನ್ನನ್ನೇ ಕೇಳಿದಳು. ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ, ತಿಳಿಯಲಿಕ್ಕೆಂದೇ ಕೇಳಿದ್ದು. ನಮ್ಮಲ್ಲಿ ಶುರುಮಾಡುವ ಕ್ರಮ ಎಲ್ಲರಿಗೂ ಗೊತ್ತುಂಟು. ಮುಗಿಸುವ ಕ್ರಮ ಯಾರೂ ಹೇಳಿಕೊಟ್ಟಿಲ್ಲ. ಅದೇ ಹೊತ್ತಿಗೆ ಸ್ಕೈಪಿನಲ್ಲಿ ನಿನ್ನ ಕರೆ ಬಂತು. ಪರದೆಯಲ್ಲಿ ನಿನ್ನ ಮುಖ ಮೂಡುವುದರೊಳಗೆ ದೀಪ್ತಿ ಸರ ಬಿಚ್ಚಿ ಮುಷ್ಟಿಯಲ್ಲಿ ಹಿಡಿದಿದ್ದಳು. ಹಾಗೇ ಹಿಡಿದುಕೊಂಡು ನಿನ್ನ ಜೊತೆ ಮದುವೆಯ ಬಾಳೆಎಲೆಯ ಲೆಕ್ಕ ಮಾತಾಡಿದಳು. ಕರೆ ಮುಗಿದಾಗ ಅವಳ ಅಂಗೈ ತುಂಬ ಮಣಿಯ ಅಚ್ಚು.

ನೀನು ಕೆಟ್ಟವಳಲ್ಲ ಪ್ರಫುಲ್ಲಾ. ರೋಷನ್‌ನ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕುವಾಗ ದೀಪ್ತಿಯ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತವಳು ನೀನು. ನಿನಗಿರುವುದು ಹೆದರಿಕೆ. ಒಬ್ಬ ಮಗ ಹೋದ, ಉಳಿದವನ ಮುಹೂರ್ತದಲ್ಲಿ ಎಳ್ಳಷ್ಟೂ ಹೆಚ್ಚುಕಮ್ಮಿ ಆಗಬಾರದು ಎಂಬ ಹೆದರಿಕೆ. ಆ ಹೆದರಿಕೆ ನನ್ನ ಎದೆಯಲ್ಲೂ ಇದೆ, ಇಲ್ಲ ಎಂದು ಎದೆ ತಟ್ಟಿಕೊಳ್ಳಲಾರೆ. ಆದರೆ ನಿನಗೊಂದು ರಾತ್ರಿ ನೆನಪು ಮಾಡುತ್ತೇನೆ. ಒಂದಲ್ಲ, ಎಷ್ಟೋ ರಾತ್ರಿ. ನಮ್ಮ ಮಂಡಳಿಯ ನಾಟಕದಲ್ಲಿ ನಾನು ಅರಸ, ನೀನು ರಾಣಿ. ಮೂರನೆಯ ಅಂಕದಲ್ಲಿ ನಾನು ಯುದ್ಧದಲ್ಲಿ ಸಾಯುತ್ತಿದ್ದೆ, ನಿನ್ನ ಕೊರಳಿನ ಮಣಿಸರ ಕಿತ್ತು ಬಿಳಿಸೀರೆ ಹೊದಿಸುತ್ತಿದ್ದರು. ಸತ್ತ ಅರಸ ಪರದೆಯ ಹಿಂದೆ ಬೀಡಿ ಸೇದುತ್ತಾ ನಿಂತಿದ್ದರೂ ನೀನು ನಡುಗಿಕೊಂಡೇ ಒಳಗೆ ಬರುತ್ತಿದ್ದೆ. ಗ್ರೀನ್ ರೂಮಿನ ಬಾಗಿಲಲ್ಲಿ ನಮ್ಮಮ್ಮ ಕಾಂತಮ್ಮ ಕಾದು ನಿಂತಿರುತ್ತಿದ್ದರು. ತಮ್ಮ ಕೈಯಾರೆ ನಿನ್ನ ಹಣೆಗೆ ಕುಂಕುಮ, ತಲೆಗೆ ಹೂವು, ಕೊರಳಿಗೆ ಕರಿಮಣಿ. “ಆಯ್ತು ಮಗಾ, ಆಟ ಮುಗೀತು, ಮನೆಗೆ ಹೋಗುವ” ಎನ್ನುತ್ತಿದ್ದರು. ಅದಾಗುವವರೆಗೆ ನೀನು ಒಂದು ಗುಟುಕು ನೀರೂ ಕುಡಿದವಳಲ್ಲ. ಆಗ ನಮ್ಮಮ್ಮ ತಾವೇ ವಿಧವೆ. ಆ ಕೈಯಿಂದ ನಿನಗೆ ಏನು ಕೆಡುಕಾಯಿತು ಹೇಳು? ಬೀಡಿ ಸೇದುತ್ತಿದ್ದ ಅರಸ ಇವತ್ತಿಗೂ ಬದುಕಿದ್ದಾನೆ, ನಿನಗೆ ಪತ್ರ ಬರೆಯುತ್ತಿದ್ದಾನೆ.

ಮದುವೆಮನೆಯ ಯಜಮಾನ ನಾನು, ಆರತಿ ದೀಪ್ತಿಯದೇ ಎಂದು ಗುಡುಗಿ ಮುಗಿಸಬಹುದು. ರಂಜಿತನೂ “ಅತ್ತಿಗೆಯೇ ಎತ್ತಬೇಕು, ನೀವು ಅಮ್ಮನಿಗೆ ಹೇಳಿ” ಎನ್ನುತ್ತಾನೆ. ಗುಡುಗಿದರೆ ಆರತಿ ನಡೆದೀತು. ಆದರೆ ಅವಳು ತಟ್ಟೆ ಹಿಡಿದುಕೊಂಡು ಎಲ್ಲರ ನಡುವೆ ನಿನ್ನ ಮುಖವನ್ನೇ ನೋಡುತ್ತಾಳೆ, ಆ ಮಣಿಯಂಗಡಿಯಲ್ಲಿ ನನ್ನ ಮುಖ ನೋಡಿದ ಹಾಗೆ. ಆಗ ನಿನ್ನ ಮುಖದಲ್ಲಿ ಏನಿರಬೇಕು ಎಂಬುದನ್ನು ನಾನು ಗುಡುಗಿ ಬರಿಸಲಾರೆ.

ಇನ್ನು ನಿಲ್ಲಿಸುತ್ತೇನೆ. ಬಣ್ಣದವರಿಗೆ ಜಗಲಿಯ ಗೋಡೆಗೆ ತೀರ ಗಾಢ ಬೇಡ ಎಂದು ಹೇಳು. ನೆರೆಕರೆಯವರಿಗೆಲ್ಲ ನನ್ನ ನಮಸ್ಕಾರ. ನಿನ್ನ ಮೊಮ್ಮಗಳು ಕಾಗದದ ಮೂಲೆಯಲ್ಲಿ ಬರೆದ ಚಿತ್ರ ನಿನ್ನದೇ ಅಂತೆ. ಕಾಲು ಮೂರು ಯಾಕೆ ಎಂದು ನನಗೂ ಅರ್ಥವಾಗಿಲ್ಲ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ಎಂದೆಂದೂ ನಿನ್ನವನೇ ಆದ,
ದೂಮಪ್ಪ

ಮ.ವಿ.: ಗಫೂರ್ ಪೆಟ್ಟಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಗೀಚುತ್ತಿದ್ದೇನೆ. ಈಗಷ್ಟೇ ದೀಪ್ತಿ ಬಂದು, “ಮಾವ, ಟಿಕೆಟ್ ಮಾಡುವಾಗ ನಂದು ಬೇಡ. ಆಫೀಸಿನಲ್ಲಿ ರಜೆ ಇಲ್ಲ. ಸಮೀಕ್ಷಾಳನ್ನು ನೀವು ಕರ್ಕೊಂಡು ಹೋಗಿ” ಎಂದಳು. ರಜೆ ಉಂಟು, ನನಗೆ ಗೊತ್ತು. ನಾನು ಬಾ ಎಂದರೆ ಅದು ಮಾವನ ಕರುಣೆಯಾಗುತ್ತದೆ, ಅದರಿಂದ ಅವಳು ಬರುವವಳಲ್ಲ. ಇದು ಕೈಸೇರಿದ ಕೂಡಲೇ ಅವಳಿಗೇ ನೇರ ಫೋನ್ ಮಾಡು. ಪತ್ರದ ಸುದ್ದಿ ಎತ್ತಬೇಡ, ಸರದ ಸುದ್ದಿ ಎತ್ತಬೇಡ, ಕ್ಷಮೆ ಗಿಮೆ ಏನೂ ಬೇಡ. “ಆರತಿಗೆ ಯಾವ ಸೀರೆ ಉಡ್ತಿ?” ಎಂದು ಅಷ್ಟೇ ಕೇಳು. ರಾತ್ರಿ ಊಟವಾದ ಮೇಲೆ ಮಾಡು. ಆ ಹೊತ್ತಿಗೆ ನಾನು ಮಗುವನ್ನು ಕರೆದುಕೊಂಡು ಕೆಳಗೆ ಹೋಗಿರುತ್ತೇನೆ. ಹಿಂದಿನಿಂದ ನನ್ನ ಸ್ವರ ಕೇಳಿದರೆ, ಇದು ಮಾವ ಹೇಳಿಕೊಟ್ಟ ಮಾತು ಎಂದುಕೊಂಡಾಳು.