ಕೆಂಪು ಹೇಂಟೆಯ ಬೆಲೆ

ಜನವರಿ 8, 1943. ಬೆಳಿಗ್ಗೆ

ಮತ್ತೆ ಅದೇ ಕನಸು. ಕೆಂಪು ಹೇಂಟೆ ನನ್ನ ಎದೆಯ ಮೇಲೆ ಕೂತು ಮೊಟ್ಟೆ ಇಡುತ್ತಿತ್ತು. ಕದಲಿದರೆ ಒಡೆಯುತ್ತವೆ. ಬೆವರಿ ಎದ್ದೆ.

ಕೋಳಿ ಕಾಣೆಯಾಗಿ ಮೂರು ದಿನ. ಪಕ್ಕದ ಮನೆ ಮಾರೆಮ್ಮನ ನಾಯಿ ಮಲಗುವಲ್ಲಿ ಪುಕ್ಕ ಬಿದ್ದಿವೆ. ಇನ್ನೇನು ಬೇಕು? ಅದಕ್ಕೂ ಮೊದಲು ಹತ್ತು ದಿನ ಬುಟ್ಟಿಯಲ್ಲಿ ಮೊಟ್ಟೆಯೇ ಸಿಕ್ಕಿರಲಿಲ್ಲ... ಅವನ್ನೂ ಆ ನಾಯಿಯೇ ತಿಂದಿದೆ. ನಮ್ಮ ಹಿತ್ತಲೆಲ್ಲ ಹುಡುಕಿದೆ. ಮಾರೆಮ್ಮನ ಹಿತ್ತಲಿಗೆ ಕಾಲಿಡಲಿಲ್ಲ. ನಾಯಿಯ ವಿಷಯಕ್ಕೆ ಅವಳೊಡನೆ ಜಗಳ ಆಡಿದ ಮೇಲೆ ಹೇಗೆ ಹೋಗುವುದು?

ಜನವರಿ 9

ಓಣಿಯ ಪಂಚಾಯ್ತಿಯಲ್ಲಿ ಹಿರಿಯರಾದ ಜಂಬಯ್ಯನವರ ಮುಂದೆ ನಷ್ಟದ ಲೆಕ್ಕ ಓದಿದೆ. ಕೋಳಿ, ಹದಿನಾಲ್ಕಾಣೆ. ವರ್ಷದ ಮೊಟ್ಟೆ ಮೂವತ್ತಾರು, ಒಂದು ರೂಪಾಯಿ ಎರಡಾಣೆ. ಅವು ಮರಿಯಾಗಿ ಇಪ್ಪತ್ತು ಬದುಕಿದರೂ ಎರಡೂವರೆ ರೂಪಾಯಿ. ನಾಯಿ ತಿಂದ ಮೊಟ್ಟೆ, ಐದಾಣೆ.

"ಮೊಟ್ಟಿನೂ ನೀನ ತಿಂತಿ, ಅದರಾಗಿನ ಮರೀನೂ ನೀನ ಮಾರ್ತಿಯೇನೋ ನರಸಪ್ಪ?" ಅಂದರು. ಎಲ್ಲರೂ ನಕ್ಕರು. ವರ್ಷದ ಮೊಟ್ಟೆಯ ಸಾಲು ಹೊಡೆದು ಹಾಕಿದೆ. ಉಳಿದಿದ್ದು ಗಟ್ಟಿ ಲೆಕ್ಕ, ಮೂರು ರೂಪಾಯಿ ಹನ್ನೊಂದಾಣೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟರೇನು.

ಮಾರೆಮ್ಮನ ಹತ್ತಿರ ರೊಕ್ಕ ಇಲ್ಲ. ಹೊಸ ಕಂಬಳಿ ತಂದು ಮುಂದಿಟ್ಟಳು. "ನಮ್ಮ ಕರಿಯ ಅಂಥದ್ದಲ್ಲಪ್ಪ. ಇರಲಿ, ಹೊಚ್ಕೋ. ನಿನ್ನ ಲೆಕ್ಕಕ್ಕ ಥಂಡಿ ಹತ್ತದಂಗ."

ಜನವರಿ 11

ಕೋಳಿಯ ರುಚಿ ಕಂಡ ನಾಯಿ ಓಣಿಯಲ್ಲಿ ಇರಬಾರದು ಎಂದು ಹಿರಿಯರ ತೀರ್ಮಾನ. ಮಾರೆಮ್ಮನ ತಮ್ಮ ಬಂದು ಕರಿಯನಿಗೆ ಹಗ್ಗ ಕಟ್ಟಿ ತನ್ನೂರು ನಾಗಲದಿನ್ನೆಗೆ ಎಳೆದುಕೊಂಡು ಹೋದ. ಅವಳು ಬಾಗಿಲಿಗೆ ಬರಲಿಲ್ಲ. ಕಂಬಳಿ ಬೆಚ್ಚಗಿದೆ. ಕನಸು ಬೀಳುತ್ತಿಲ್ಲ. ನ್ಯಾಯ ನ್ಯಾಯವೇ.

ಜನವರಿ 27. ಮುಸ್ಸಂಜೆ

ಮಾರೆಮ್ಮ ಒಲೆಗೆಂದು ತನ್ನ ಹಿತ್ತಲಿನ ಹತ್ತಿಕಟ್ಟಿಗೆ ರಾಶಿ ಎಳೆದಳಂತೆ. ಒಳಗಿನಿಂದ ಒಂದು ಕೆಂಪು ಹೇಂಟೆ ಹೊರಬಂತಂತೆ. ಹಿಂದೆ ಒಂಬತ್ತು ಮರಿ.

ಹೆಂಡತಿ ಲಿಂಗಕ್ಕ ಓಡಿ ಬಂದಳು. "ನಮ್ಮದ ಐತಿ. ಮಾರೆಮ್ಮತ್ತಿ ಕೇಳಾಕ ಹತ್ಯಾಳ, ಕಾವಿಗೆ ಕೂತ ಜಾಗದ ಬಾಡಿಗಿ ಎಷ್ಟಾತು, ನಿನ್ನ ಗಂಡನ ಕಡೆ ಲೆಕ್ಕ ಹಾಕಿಸು ಅಂತ."

ಇರಲಾರದು. ಊರಿನಲ್ಲಿ ಕೆಂಪು ಕೋಳಿ ಒಂದೇ ಏನು? ನಮ್ಮದಕ್ಕೆ ಎಡಗಾಲಿಗೆ ನೀಲಿ ಬಟ್ಟೆ. ನಾನೇ ಕಟ್ಟಿದ್ದು.

"ನೀಲೀನ ಐತಿ," ಅಂದಳು.

ಈ ಹೊತ್ತಿನಲ್ಲಿ ಹಸಿರೂ ನೀಲಿಯಾಗಿ ಕಾಣುತ್ತದೆ. ಕಂಬಳಿ ತೆಗೆದು ಮಡಚಿಟ್ಟೆ... ಸೆಕೆ. ಲಾಟೀನು ಅವಳ ಕೈಗೆ ಕೊಟ್ಟು ಹೇಳಿದೆ: ಇನ್ನೊಮ್ಮೆ ಹೋಗಿ ನೋಡಿ ಬಾರೆ. ಬಣ್ಣ ಬಿಡು, ಕಟ್ಟಿರುವುದು ಎಡಗಾಲಿಗೋ ಬಲಗಾಲಿಗೋ, ಅದೊಂದನ್ನು—